ನಾನು ಬಿಟ್ಟ ಒಂದು ‘ತ್’

ನಮ್ಮ ಅಂಗಡಿ ಕೊಪ್ಪ ಗೇಟಿನ ಹತ್ತಿರ. ಜೆರಾಕ್ಸ್, ಲ್ಯಾಮಿನೇಷನ್, ಡಿಟಿಪಿ, ಆನ್‌ಲೈನ್ ಅರ್ಜಿ. ಕಾವೇರಿ ಸೇತುವೆ ದಾಟಿದರೆ ಕುಶಾಲನಗರ, ಕೊಡಗು ಜಿಲ್ಲೆ. ಈಚೆಗೆ ನಾವು ಪಿರಿಯಾಪಟ್ಟಣ ತಾಲ್ಲೂಕು, ಮೈಸೂರು ಜಿಲ್ಲೆ. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಬೈಲಕುಪ್ಪೆ ಕ್ಯಾಂಪಿನ ಟಿಬೆಟಿಯನ್ನರು. ಇಪ್ಪತ್ತು ವರ್ಷದಿಂದ ಅವರ ಕಾಗದಪತ್ರ ನೋಡಿ ನೋಡಿ, ನನ್ನ ರೇಷನ್ ಕಾರ್ಡ್ ನಂಬರ್ ಮರೆತರೂ ಅವರ ಆರ್‌ಸಿ (ನೋಂದಣಿ ಪತ್ರ) ಫಾರಂನ ಕಾಲಂಗಳು ಮರೆಯುವುದಿಲ್ಲ.

2012ರ ಮಳೆಗಾಲದಲ್ಲಿ ಗಂಡ ಹೆಂಡತಿ ಇಬ್ಬರು ಹಸುಗೂಸನ್ನು ಶಾಲಿನಲ್ಲಿ ಸುತ್ತಿಕೊಂಡು ಬಂದರು. ಜನನ ನೋಂದಣಿಗೆ ಅರ್ಜಿ ಬರೆಸಬೇಕಿತ್ತು. ಹೊರಗೆ ಧೋ ಎಂದು ಮಳೆ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿತ್ತು. ಹಿಂದೆ ಮೂರು ಜನ ನಿಂತಿದ್ದರು. ತಾಯಿಯ ಹೆಸರು ಕೇಳಿದೆ. ಆಕೆ ಹೇಳಿದ್ದು ‘ತ್ಸೆರಿಂಗ್’. ನನ್ನ ಕಿವಿಗೆ ಬಿದ್ದದ್ದು ‘ಸೆರಿಂಗ್’. ಹಾಗೇ ಬರೆದೆ. ಕನ್ನಡದಲ್ಲಿ ತ್ಸೆ ಬರೆಯಲು ಆಗುವುದಿಲ್ಲವೇ ಎಂದರೆ, ಆಗುತ್ತದೆ. ಉತ್ಸವ ಬರೆಯುವ ಕೈಗೆ ಅದೇನು ಕಷ್ಟ? ಅವತ್ತು ಬರೆಯಲಿಲ್ಲ, ಅಷ್ಟೇ. ಆಕೆ ಕನ್ನಡ ನಮ್ಮ ಹಾಗೇ ಮಾತಾಡುತ್ತಾರೆ, ಆದರೆ ಓದಿದ್ದು ಕ್ಯಾಂಪಿನ ಶಾಲೆಯಲ್ಲಿ. ಟಿಬೆಟಿಯನ್, ಇಂಗ್ಲಿಷ್ ಬರುತ್ತದೆ, ಕನ್ನಡ ಅಕ್ಷರ ಬರುವುದಿಲ್ಲ. ನಂಬಿ ಸಹಿ ಹಾಕಿದರು. ನಾನು ಬರೆದ ಕನ್ನಡ ನೋಡಿಕೊಂಡು ಕಚೇರಿಯಲ್ಲಿ ಯಾರೋ ಇಂಗ್ಲಿಷಿಗೆ ಇಳಿಸಿದರು. ಆರ್‌ಸಿಯಲ್ಲಿ ‘ಟಿ, ಎಸ್’ ಎಂದು ಶುರುವಾಗುವ ಹೆಸರು ಮಗಳ ಜನನ ಪ್ರಮಾಣಪತ್ರದಲ್ಲಿ ಬರೀ ‘ಎಸ್’ ಆಯಿತು.

ಅದರ ಬೆಲೆ ಎಷ್ಟೆಂದು ನನಗೆ ಗೊತ್ತಾದದ್ದು ಏಳು ವರ್ಷ ಕಳೆದ ಮೇಲೆ.

ಆಕೆಯನ್ನು ನಾವೆಲ್ಲ ಆಚಾ-ಲಾ ಎನ್ನುತ್ತೇವೆ. ಅವರ ಭಾಷೆಯಲ್ಲಿ ಅಕ್ಕ ಎಂದು ಅರ್ಥ. ನನಗಿಂತ ಹನ್ನೆರಡು ವರ್ಷ ಚಿಕ್ಕವರು, ಆದರೂ ಕ್ಯಾಂಪಿನಲ್ಲಿ ಹಾಗೇ ಕರೆಯುವುದು ಮರ್ಯಾದೆ. ಆಕೆ ನನ್ನನ್ನು ಅಣ್ಣ ಎನ್ನುತ್ತಾರೆ. ಚಳಿಗಾಲ ಬಂದರೆ ಗಂಡ ಹೆಂಡತಿ ಲುಧಿಯಾನದಿಂದ ಸ್ವೆಟರ್ ತಂದು ಊರೂರಿನ ಫುಟ್‌ಪಾತಿನಲ್ಲಿ ಹಾಕುತ್ತಿದ್ದರು. ಉಳಿದ ದಿನ ಜಮೀನಿನಲ್ಲಿ ಮುಸುಕಿನ ಜೋಳ.

ಗಂಡ ಇಲ್ಲಿ ಹುಟ್ಟಿದವರಲ್ಲ. 1996ರ ಚಳಿಗಾಲದಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ನಾಂಗ್ಪಾ ಲಾ ಎಂಬ ಕಣಿವೆ ಹಾದಿ ದಾಟಿ ಬಂದವರು. ಅದು ಸುಮಾರು 5,700 ಮೀಟರ್ ಎತ್ತರ. ಅಪ್ಪ ಒಂದು ಯಾಕ್ ಮಾರಿ ದಾರಿ ತೋರಿಸುವವನಿಗೆ ದುಡ್ಡು ಕೊಟ್ಟರಂತೆ. ಅಮ್ಮ ಹುರಿದ ಬಾರ್ಲಿ ಹಿಟ್ಟಿನ ಚೀಲ ಬೆನ್ನಿಗೆ ಕಟ್ಟಿ, ಮುಂದಿನ ಲೋಸಾರ್‌ಗೆ, ಅಂದರೆ ಅವರ ಹೊಸ ವರ್ಷದ ಹಬ್ಬಕ್ಕೆ, ನೋಡಲು ಬರುತ್ತೇವೆ ಎಂದರಂತೆ. ಆ ಕಾಲದಲ್ಲಿ ಹಾಗೆ ಮಕ್ಕಳನ್ನು ಓದಲು ಕಳಿಸಿದ ಮನೆಗಳು ಎಷ್ಟೋ. 1989ರಿಂದೀಚೆಗೆ ಬಂದವರನ್ನು ನೇಪಾಳ ನಿರಾಶ್ರಿತರೆಂದು ನೋಂದಾಯಿಸುವುದಿಲ್ಲ. ಕಠ್ಮಂಡುವಿನ ಸ್ವಾಗತ ಕೇಂದ್ರದಲ್ಲಿ ಕೆಲ ದಿನ ಇಟ್ಟು ಭಾರತಕ್ಕೆ ಸಾಗಹಾಕುತ್ತಿದ್ದರು. ಹುಡುಗ ಧರ್ಮಶಾಲೆಗೆ ಬಂದ, ಅಲ್ಲಿಂದ ಬೈಲಕುಪ್ಪೆಯ ಹಾಸ್ಟೆಲಿಗೆ. ಲೋಸಾರ್‌ಗಳು ಬಂದು ಹೋದವು. 2008ರ ಗಲಭೆಯ ನಂತರ ಆ ಗಡಿ ಬಿಗಿಯಾಯಿತು. 2012ರಲ್ಲಿ ಟಿಬೆಟ್ ಸ್ವಾಯತ್ತ ಪ್ರದೇಶದ ಜನರ ಪಾಸ್‌ಪೋರ್ಟುಗಳನ್ನೇ ಚೀನಾ ವಾಪಸ್ ಪಡೆಯಿತು. ಅಮ್ಮ ಬರಲಿಲ್ಲ, ಮಗ ಹೋಗಲಿಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ಹರಟೆಯಲ್ಲಿ ಅಲ್ಲ, ಅಫಿಡವಿಟ್ ಟೈಪ್ ಮಾಡುವಾಗ.

ಕಾನೂನಿನ ಮಾತು ಸ್ವಲ್ಪ ಹೇಳಲೇಬೇಕು. ನಾವು ಬಾಯಲ್ಲಿ ಇವರನ್ನು ನಿರಾಶ್ರಿತರು ಎನ್ನುತ್ತೇವೆ. ಆದರೆ 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಾನು ಹೇಳುತ್ತಿರುವ ವರ್ಷಗಳಲ್ಲೆಲ್ಲ ಇವರಿಗೆ ಅನ್ವಯಿಸುತ್ತಿದ್ದದ್ದು 1946ರ ವಿದೇಶಿಯರ ಕಾಯ್ದೆ. ಕೈಯಲ್ಲಿರುವ ಆರ್‌ಸಿ ಎಂದರೆ ವಿದೇಶಿಯರ ನೋಂದಣಿ ಪತ್ರ. ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಹಳದಿ ರಟ್ಟಿನ ಐಸಿ, ಅಂದರೆ ಗುರುತಿನ ಪತ್ರ. ಹೋಗುವಾಗ ಎಕ್ಸಿಟ್ ಪರ್ಮಿಟ್, ಮತ್ತೆ ಬರಬೇಕಾದರೆ ರಿಟರ್ನ್ ವೀಸಾ. ಹುಟ್ಟಿ ಬೆಳೆದ ಊರಿಗೆ ವಾಪಸ್ ಬರಲು ವೀಸಾ! ಇದನ್ನು ನಮ್ಮಪ್ಪನಿಗೆ ಹೇಳಿದರೆ, “ಹಾಗಾದರೆ ಅವರ ಊರು ಯಾವುದಯ್ಯಾ?” ಎಂದು ಕೇಳಿದ್ದರು.

ಆಚಾ-ಲಾ ಹುಟ್ಟಿದ್ದು 1988ರಲ್ಲಿ, ಇದೇ ಕ್ಯಾಂಪಿನಲ್ಲಿ. ಅವರ ಸ್ವಂತ ಅಕ್ಕ ಹುಟ್ಟಿದ್ದು 1986ರಲ್ಲಿ, ಅದೇ ಮನೆಯಲ್ಲಿ. ನಮ್ಮ ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಈ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಟಿಬೆಟಿಯನ್ನರಿಗೂ ಇದು ಅನ್ವಯಿಸುತ್ತದೆ ಎಂದವು. ಹಾಗಾಗಿ ಅಕ್ಕ ಭಾರತೀಯಳು, 2014ರಲ್ಲಿ ಓಟು ಹಾಕಿದಳು. ತಂಗಿ ವಿದೇಶಿ. ಒಂದೇ ತಾಯಿ, ಒಂದೇ ಹಾಸಿಗೆ, ಒಂದೇ ಸೂಲಗಿತ್ತಿ.

2016ರಲ್ಲಿ ಗಂಡ ಕೆನಡಾಕ್ಕೆ ಹೋದರು. ಹೇಗೆ ಹೋದರು, ಯಾರ ಸಾಲ ಮಾಡಿದರು ಎಂಬುದು ಅವರ ವಿಷಯ, ನಾನು ಬರೆಯುವುದಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ. ಟೊರೊಂಟೊದ ಪಾರ್ಕ್‌ಡೇಲ್ ಎಂಬ ಬಡಾವಣೆ ಟಿಬೆಟಿಯನ್ನರಿಂದ ತುಂಬಿ ‘ಲಿಟಲ್ ಟಿಬೆಟ್’ ಎಂದೇ ಹೆಸರಾಗಿದೆ. ಅಲ್ಲಿ ಒಂದು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ. 2018ರಲ್ಲಿ ಅಲ್ಲಿನ ನಿರಾಶ್ರಿತರ ಮಂಡಳಿ ಅವರ ಕೋರಿಕೆಯನ್ನು ಒಪ್ಪಿತು. ಅವತ್ತು ಆಚಾ-ಲಾ ಅಂಗಡಿಗೆ ಒಂದು ಪೊಟ್ಟಣ ಖಬ್ಸೆ ತಂದು ಕೊಟ್ಟರು. ನಮ್ಮ ಶಂಕರಪೋಳಿಯ ಅಣ್ಣತಮ್ಮನಂತಿರುತ್ತದೆ ಅದು, ಸಿಹಿ ಸ್ವಲ್ಪ ಕಡಿಮೆ. “ಇನ್ನು ಆರು ತಿಂಗಳು ಅಣ್ಣ” ಎಂದರು.

ಹಿಡಿದದ್ದು ನಾಲ್ಕು ವರ್ಷ.

ಅಲ್ಲಿನ ನಿಯಮ ಹೀಗೆ. ಮಾನ್ಯತೆ ಸಿಕ್ಕವರು ಖಾಯಂ ವಾಸಕ್ಕೆ ಅರ್ಜಿ ಹಾಕುವಾಗ ಅದರಲ್ಲೇ ಹೆಂಡತಿ ಮಕ್ಕಳ ಹೆಸರು ಸೇರಿಸಬಹುದು. ಸೇರಿಸಬಹುದು ಏನು, ಸೇರಿಸಲೇಬೇಕು. ಅವತ್ತು ಯಾರ ಹೆಸರು ಬಿಟ್ಟರೋ ಅವರನ್ನು ಮುಂದೆ ಕುಟುಂಬದವರೆಂದು ಕರೆಸಿಕೊಳ್ಳುವ ಬಾಗಿಲು ಆಗ ಹೆಚ್ಚುಕಡಿಮೆ ಮುಚ್ಚಿದಂತೆಯೇ ಇತ್ತು. ಇವರು ಯಾರನ್ನೂ ಬಿಡಲಿಲ್ಲ. ಹೆಂಡತಿಯ ಹೆಸರು ‘ಟಿ, ಎಸ್’ ಹಾಕಿ ಸರಿಯಾಗಿಯೇ ಬರೆದರು. ಅತ್ತೆ ಮಾತ್ರ ಅವಲಂಬಿತರ ಪಟ್ಟಿಗೆ ಬರುವುದಿಲ್ಲ. ಕುಟುಂಬ ಎಂದರೆ ಗಂಡ, ಹೆಂಡತಿ, ಮಕ್ಕಳು. ಅಜ್ಜಿಗೆ ಆ ಫಾರಂನಲ್ಲಿ ಕಾಲಂ ಇಲ್ಲ.

ಮೊದಲ ತೊಡಕು ಮದುವೆ. ಇವರ ಮದುವೆ ಎಂದರೆ ಲಾಮಾ ಒಬ್ಬರ ಪೂಜೆ, ಕೊರಳಿಗೆ ಹಾಕುವ ಬಿಳಿ ಶಾಲು ಖತಾ, ಊಟ. ರಿಜಿಸ್ಟರ್ ಮಾಡಿಸಿರಲಿಲ್ಲ. ಈಗ ಮಾಡಿಸೋಣ ಎಂದರೆ ಗಂಡ ಹೆಂಡತಿ ಇಬ್ಬರೂ ಉಪನೋಂದಣಾಧಿಕಾರಿಯ ಮುಂದೆ ನಿಲ್ಲಬೇಕು, ಒಬ್ಬರು ಟೊರೊಂಟೊದಲ್ಲಿ. ಒಂದು ವರ್ಷ ಒಟ್ಟಿಗೆ ಬಾಳಿದವರನ್ನೂ ಕೆನಡಾ ಸಂಗಾತಿಗಳೆಂದು ಒಪ್ಪುತ್ತದೆ, ಆದರೆ ಬಾಳಿದ್ದಕ್ಕೆ ಪುರಾವೆ ಬೇಕು. ಸೆಟ್ಲ್‌ಮೆಂಟ್ ಆಫೀಸಿನ ಪತ್ರ, ಪಕ್ಕದ ಮನೆಯವರ ಅಫಿಡವಿಟ್ (ಆಗ 20 ರೂಪಾಯಿ ಛಾಪಾ ಕಾಗದ), ದುಡ್ಡು ಕಳಿಸಿದ ರಸೀದಿ, ಫೋಟೊ. ಕೊನೆಗೆ ವಾಟ್ಸಾಪ್ ಮಾತುಕತೆ.

ಆ ವಾಟ್ಸಾಪ್ ಪ್ರಿಂಟ್ ತೆಗೆದ ಮಧ್ಯಾಹ್ನ ಮರೆಯಲಾರೆ. ಎರಡು ವರ್ಷದ ಸ್ಕ್ರೀನ್‌ಶಾಟ್, ಅರವತ್ತನಾಲ್ಕು ಪುಟ. ಟಿಬೆಟಿಯನ್ ಲಿಪಿ ನನಗೆ ಓದಲು ಬರುವುದಿಲ್ಲ, ಆದರೂ ಆಚಾ-ಲಾ ಮಾನಿಟರಿಗೂ ನನಗೂ ನಡುವೆ ಬಂದು ನಿಂತರು. ಒಂದೊಂದು ಹಾಳೆ ಹೊರಬರುತ್ತಿದ್ದಂತೆ ಬಿಸಿಬಿಸಿಯಾಗಿಯೇ ಎತ್ತಿ ಮಗುಚಿ ಇಡುತ್ತಿದ್ದರು. ನಡುವೆ ಕನ್ನಡದ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲಿ ಕಣ್ಣಿಗೆ ಬಿತ್ತು: “ಊಟ ಆಯ್ತಾ”. ಅವರ ಜಗಳ, ಪ್ರೀತಿ ಅವರ ಭಾಷೆಯಲ್ಲಿ. ಊಟ ವಿಚಾರಿಸಲು ನಮ್ಮದು. ಆಮೇಲೆ ನನ್ನನ್ನೇ ನೋಡದೆ ದುಡ್ಡು ಕೊಟ್ಟು ಹೋದರು. ಅಷ್ಟನ್ನೂ ಕೆನಡಾದ ಯಾವುದೋ ಅಧಿಕಾರಿ ಓದುತ್ತಾನೆ ಎಂದು ಆಕೆಗೆ ಗೊತ್ತಿತ್ತು.

2019ರಲ್ಲಿ ಕೆನಡಾದ ವೀಸಾ ಕಚೇರಿಯಿಂದ ಪತ್ರ. “ಅಣ್ಣ, ಇದನ್ನ ಸ್ವಲ್ಪ ಓದಿ ಹೇಳಿ” ಎಂದು ಫೋನ್ ಚಾಚಿದರು. ಇಂಗ್ಲಿಷ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ. ತಾವು ಓದಿಕೊಂಡದ್ದು ಸುಳ್ಳಾಗಲಿ ಎಂದು ನನ್ನ ಹತ್ತಿರ ಬಂದಿದ್ದರು. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಅರ್ಜಿದಾರರು ಹೇಳಿದ ಹೆಂಡತಿಯ ಹೆಸರಿಗೆ ತಾಳೆಯಾಗುತ್ತಿಲ್ಲ, ವಿವರಣೆ ಕೊಡಿ ಎಂದಿತ್ತು.

ಹಳೇ ಫೈಲಿನ ಜೆರಾಕ್ಸ್ ತೆಗೆದು ನೋಡಿದೆ. ‘ಸೆರಿಂಗ್’. ನನ್ನದೇ ಕೈ. ನನ್ನ ‘ರಿ’ಗೆ ಒಂದು ಬಾಲ ಇರುತ್ತದೆ, ಗುರುತು ಸಿಗದೇ ಇರಲು ಸಾಧ್ಯವೇ ಇಲ್ಲ.

ಆಗ ನಾನು ಹೇಳಿದ್ದು: “ಆಫೀಸಲ್ಲಿ ತಪ್ಪು ಮಾಡಿದ್ದಾರೆ ಆಚಾ-ಲಾ. ತಿದ್ದಿಸೋಣ.”

ತಿದ್ದಿಸಿದೆವು. ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂನಲ್ಲಿ ತಿದ್ದುಪಡಿಗೆ ಅವಕಾಶ ಇದೆ. ಅಫಿಡವಿಟ್, ಆರ್‌ಸಿ ನಕಲು, ಇಬ್ಬರು ಸಾಕ್ಷಿ. ಪಿರಿಯಾಪಟ್ಟಣಕ್ಕೆ ಐದು ಸಲ ಓಡಾಡಿದೆವು. ಎರಡು ಸಲ ನನ್ನ ಬೈಕಿನಲ್ಲೇ, ದುಡ್ಡು ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳುತ್ತಿಲ್ಲ ಎಂದು ಆಕೆ ಕೇಳಲಿಲ್ಲ, ನಾನು ಹೇಳಲಿಲ್ಲ. ಹೊಸ ಪ್ರಮಾಣಪತ್ರ ಕೈಗೆ ಬಂದಾಗ ಗೆದ್ದೆವು ಎಂದುಕೊಂಡೆ. ಅದರ ಕೆಳಗೆ ತಾರೀಕು ಇರುತ್ತದೆಂಬುದು ಹೊಳೆದಿರಲಿಲ್ಲ. ಮಗು ಹುಟ್ಟಿದ್ದು 2012, ತಾಯಿಯ ಹೆಸರು ಬದಲಾದದ್ದು 2019, ಅದೂ ವಲಸೆ ಅರ್ಜಿ ಹಾಕಿ ಒಂದು ವರ್ಷ ಕಳೆದ ಮೇಲೆ. ಅಧಿಕಾರಿಯ ಜಾಗದಲ್ಲಿ ಕೂತು ನೋಡಿದರೆ ನನಗೂ ಅನುಮಾನ ಬರುತ್ತಿತ್ತು. ಸುಳ್ಳು ಕಾಗದವೂ ಹೀಗೇ ಹುಟ್ಟುವುದು, ತಿದ್ದಿದ ನಿಜವೂ ಹೀಗೇ ಹುಟ್ಟುವುದು.

ಅಷ್ಟರಲ್ಲಿ ಕೊರೊನಾ. ಸೇತುವೆಗೂ ಬ್ಯಾರಿಕೇಡ್ ಬಿತ್ತು. ದಿನಾ ಕುಶಾಲನಗರದ ಸಂತೆಗೆ ಹೋಗುವ ನಾವು ಪೊಲೀಸರಿಗೆ ಚೀಟಿ ತೋರಿಸಬೇಕಾಯಿತು. ಎರಡು ತಿಂಗಳಿಗೇ ನಮ್ಮವರು ಬೊಬ್ಬೆ ಹೊಡೆದರು.

2020ರ ಜೂನ್ 29ರಂದು ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ನಮ್ಮ ಹುಡುಗರು ಟಿಕ್‌ಟಾಕ್ ಹೋಯಿತೆಂದು ಗೋಳಾಡುತ್ತಿದ್ದಾಗ ಕ್ಯಾಂಪಿನಲ್ಲಿ ಬೇರೆಯೇ ಸಂಕಟ. ವೀಚಾಟ್ ಹೋಗಿತ್ತು. ಟಿಬೆಟ್‌ನ ಒಳಗಿರುವವರ ಜೊತೆ ಮಾತಾಡಲು ಇದ್ದದ್ದು ಅದೊಂದೇ ಕಿಂಡಿ, ಅಲ್ಲಿ ವಾಟ್ಸಾಪ್ ನಡೆಯುವುದಿಲ್ಲ. ಅಲ್ಲಿರುವ ಅಜ್ಜಿ, ಅಂದರೆ ಗಂಡನ ತಾಯಿ, ಮೊಮ್ಮಗಳನ್ನು ನೋಡುತ್ತಿದ್ದದ್ದೂ ಅದರಲ್ಲೇ. ಆಡುತ್ತಿದ್ದ ಮಾತೂ ಅಷ್ಟಕ್ಕಷ್ಟೇ: ಹಿಮ ಬಿತ್ತಾ, ಯಾಕ್ ಕರು ಹಾಕಿತಾ, ಊಟ ಮಾಡಿದಿರಾ. ಬೇರೆ ಮಾತು ಯಾರ ಕಿವಿಗೆ ಬೀಳುತ್ತದೋ ಎಂಬ ಭಯ.

ಆಮೇಲೆ ಒಂದು ಉಪಾಯ ಮಾಡಿಕೊಂಡರು. ಅಜ್ಜಿ ವೀಚಾಟ್‌ನಲ್ಲಿ ಟೊರೊಂಟೊದ ಮಗನಿಗೆ ಧ್ವನಿ ಕಳಿಸುವುದು. ಮಗ ಆ ಫೋನಿನಲ್ಲಿ ಅದನ್ನು ಹಾಕಿ, ಇನ್ನೊಂದು ಫೋನಿನಲ್ಲಿ ರೆಕಾರ್ಡ್ ಮಾಡಿ, ವಾಟ್ಸಾಪ್‌ನಲ್ಲಿ ಬೈಲಕುಪ್ಪೆಗೆ ಕಳಿಸುವುದು. ಒಮ್ಮೆ ನನ್ನ ಅಂಗಡಿಯಲ್ಲೇ ಹುಡುಗಿ ಅದನ್ನು ಕೇಳುತ್ತಿದ್ದಳು. ಮುದುಕಿಯ ಸಣ್ಣ ದನಿ, ಅದರ ಹಿಂದೆ ಪಾತ್ರೆ ಬೀಳುವ ಶಬ್ದ, ನಲ್ಲಿ ನೀರು. ಅಪ್ಪ ಕೆಲಸದ ಜಾಗದಿಂದಲೇ ಕಳಿಸಿದ್ದ. ಹಿಮಾಲಯದ ಆಚೆಯಿಂದ ಈಚೆಗೆ ಬರಲು ಅಜ್ಜಿಯ ಮಾತು ಕೆನಡಾದ ಹೋಟೆಲಿನ ಅಡುಗೆಮನೆ ಸುತ್ತಿ ಬರಬೇಕಿತ್ತು.

ಕಾಗದಗಳಿಗೆ ಆಯುಸ್ಸು ಇರುತ್ತದೆ. ವಲಸೆಗೆ ಮಾಡಿಸಿದ ವೈದ್ಯಕೀಯ ತಪಾಸಣೆ ಹನ್ನೆರಡು ತಿಂಗಳಷ್ಟೇ ಚಾಲ್ತಿ. ಬೆಂಗಳೂರಿಗೆ ಹೋಗಿ ಎಕ್ಸ್‌ರೇ, ರಕ್ತ ಎಲ್ಲ ಮಾಡಿಸಿ ಬಂದದ್ದು ಲಾಕ್‌ಡೌನ್ ಮುಗಿಯುವಷ್ಟರಲ್ಲಿ ರದ್ದು. ಪೊಲೀಸ್ ಸರ್ಟಿಫಿಕೇಟ್ ಹಳೆಯದಾಯಿತು. ಒಂದು ಹಣ್ಣಾಗುವ ಹೊತ್ತಿಗೆ ಇನ್ನೊಂದು ಕೊಳೆಯುತ್ತಿತ್ತು. ಮತ್ತೆ ಮಾಡಿಸುವುದು, ಮತ್ತೆ ಸ್ಕ್ಯಾನ್, ಮತ್ತೆ ಅಪ್‌ಲೋಡ್.

2021ರಲ್ಲಿ ಬಂದ ಪತ್ರದಲ್ಲಿ ಡಿಎನ್‌ಎ ಎಂದಿತ್ತು. ಕಡ್ಡಾಯವಲ್ಲ, ಆದರೆ ಸಂಬಂಧ ಬೇರೆ ದಾಖಲೆಯಿಂದ ಖಚಿತವಾಗುತ್ತಿಲ್ಲವಾದ್ದರಿಂದ ಮಾಡಿಸಬಹುದು, ಖರ್ಚು ನಿಮ್ಮದು. ಆ ‘ಮಾಡಿಸಬಹುದು’ ಎಂಬ ಪದದ ಅರ್ಥ ಇಂಥ ಪತ್ರಗಳನ್ನು ಓದಿ ಅಭ್ಯಾಸ ಇರುವವರಿಗೆ ಗೊತ್ತು. ಒಂದು ಸೀಸನ್ನಿನ ಸ್ವೆಟರ್ ಲಾಭದ ಅರ್ಧ ಅದಕ್ಕೇ ಹೋಯಿತು. ಅಪ್ಪನ ಸ್ಯಾಂಪಲ್ ಟೊರೊಂಟೊದಲ್ಲಿ, ತಾಯಿ ಮಗಳದ್ದು ಬೆಂಗಳೂರಿನಲ್ಲಿ, ಸಾಕ್ಷಿಯ ಎದುರು, ಮೊಹರು ಹಾಕಿದ ಲಕೋಟೆಯಲ್ಲಿ.

ಬೆಂಗಳೂರಿಗೆ ನಾನೂ ಹೋಗಿದ್ದೆ. ಮನೆಯಲ್ಲಿ ಪ್ರಿಂಟರಿಗೆ ಇಂಕ್ ತರಬೇಕು ಎಂದು ಹೇಳಿ. ಕಿವಿ ತೆಗೆಯುವ ಬಡ್ಸ್‌ನಂಥ ಉದ್ದನೆ ಕಡ್ಡಿ. ನರ್ಸ್ ಅದನ್ನು ಹುಡುಗಿಯ ಕೆನ್ನೆ ಒಳಗೆ ಉಜ್ಜಿದರು. ಒಂಬತ್ತು ವರ್ಷದ ಹುಡುಗಿ. ಹೊರಗೆ ಬಂದು ಅಮ್ಮನನ್ನು ಕನ್ನಡದಲ್ಲೇ ಕೇಳಿದಳು, ನನಗೂ ಕೇಳಲಿ ಎಂದೋ ಏನೋ: “ಕೆನ್ನೆ ಒಳಗೆ ಏನ್ ಹುಡುಕಿದ್ರು?”

“ಅಪ್ಪನ್ನ” ಎಂದರು ಆಚಾ-ಲಾ.

ವಾಪಸ್ ಬರುವಾಗ ಬಸ್ಸು ಮದ್ದೂರಿನಲ್ಲಿ ನಿಂತಿತು. ಹುಡುಗಿ ವಡೆ ತಿನ್ನುತ್ತಿದ್ದಳು. ಅಲ್ಲಿ ಬಾಯಿ ಬಿಟ್ಟೆ. ಆ ಅರ್ಜಿ ಬರೆದವನು ನಾನು, ಆಫೀಸಿನವರಲ್ಲ, ಎರಡು ವರ್ಷದಿಂದ ಗೊತ್ತಿದ್ದೂ ಸುಮ್ಮನಿದ್ದೆ ಎಂದೆ. ಆಕೆ ಕೇಳಿಸಿಕೊಂಡರು. ಬೈಯಲಿಲ್ಲ, ಪರವಾಗಿಲ್ಲ ಎಂದೂ ಹೇಳಲಿಲ್ಲ. ಮೈಸೂರು ಬರುವವರೆಗೆ ಕಿಟಕಿ ಕಡೆ ನೋಡುತ್ತಾ ಕೂತರು. ಆಮೇಲೆ ಎರಡು ತಿಂಗಳು ನನ್ನ ಅಂಗಡಿಗೆ ಬರಲಿಲ್ಲ. ಸೇತುವೆಯಾಚೆಯ ಅಂಗಡಿಗೆ ಹೋಗುತ್ತಿದ್ದರಂತೆ. ಮೂರನೇ ತಿಂಗಳು ಒಂದು ದಿನ ಫೈಲ್ ತಂದು ಟೇಬಲ್ಲಿನ ಮೇಲೆ ಇಟ್ಟು, “ಅವರು ಒಂದು ಅಪ್‌ಲೋಡಿಗೆ ಇನ್ನೂರು ತಗೋತಾರೆ” ಎಂದರು. ಕುರ್ಚಿ ಎಳೆದು ನನ್ನ ಪಕ್ಕ ಕೂತರು. ಅಲ್ಲಿಂದ ಮುಂದೆ ನಾನು ಟೈಪ್ ಮಾಡುವ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡುತ್ತಿದ್ದರು. ಅದು ನ್ಯಾಯವೇ.

ವರದಿ ಬಂತು. ತೊಂಬತ್ತೊಂಬತ್ತು ಚುಕ್ಕಿ ಒಂಬತ್ತು ಒಂಬತ್ತು. ಆಮೇಲಿನದು ಬೇಗ ಹೇಳಬಹುದು: ಬೆರಳಚ್ಚಿಗೆ ತಾಯಿ ಒಬ್ಬರೇ ಹೋದರು (ಹದಿನಾಲ್ಕು ತುಂಬದವರಿಗೆ ಅದು ಬೇಡ), ಮೂರನೇ ಸಲದ ತಪಾಸಣೆ, 2022ರ ಮಳೆಗಾಲ ಮುಗಿಯುವಾಗ ಐಸಿ ಪುಟದಲ್ಲಿ ವೀಸಾ. ಎಕ್ಸಿಟ್ ಪರ್ಮಿಟ್‌ಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಿದ್ದು ನಾನೇ. ಹೆಸರಿನ ಜಾಗ ಬಂದಾಗ ಇಬ್ಬರೂ ಮಾತಾಡಲಿಲ್ಲ. ಟಿ ಒತ್ತಿದೆ, ಎಸ್ ಒತ್ತಿದೆ.

ಹೊರಡುವ ದಿನ ಮನೆ ಮುಂದೆ ವ್ಯಾನು ನಿಂತಿತ್ತು. ಬಂದವರೆಲ್ಲ ಖತಾ ಹಾಕಿದರು, ಹುಡುಗಿಯ ಮುಖವೇ ಕಾಣದಷ್ಟು. ಅಜ್ಜಿ, ಅಂದರೆ ಆಚಾ-ಲಾರ ತಾಯಿ, ಮೊ-ಲಾ, ಬಾಗಿಲಲ್ಲಿ ಕೂತು ಜಪಮಾಲೆ ಎಣಿಸುತ್ತಿದ್ದರು. ಮೈಸೂರು ಸರ್ಕಾರ ಇಲ್ಲಿ ಸುಮಾರು ಮೂರು ಸಾವಿರ ಎಕರೆ ಕಾಡು ಕೊಟ್ಟಾಗ, 60ರ ದಶಕದ ಶುರುವಿನಲ್ಲಿ, ಅಪ್ಪ ಅಮ್ಮನ ಜೊತೆ ಬಂದ ಪುಟ್ಟ ಹುಡುಗಿ ಅವರು. ತಗಡು ಬಡಿದು ಆನೆ ಓಡಿಸಿದ ಕಥೆ ಎಷ್ಟು ಸಲ ಕೇಳಿದ್ದೇನೋ. ಮೊಮ್ಮಗಳು ಹತ್ತಿರ ಬಂದಾಗ ಎದ್ದು ನಿಲ್ಲಲಿಲ್ಲ. ಅವಳ ಜಾಕೆಟ್ಟಿನ ಜಿಪ್ ಕತ್ತಿನವರೆಗೆ ಎಳೆದರು. ನಮ್ಮ ಊರಿನ ಅಕ್ಟೋಬರ್ ಬಿಸಿಲು, ಹುಡುಗಿ ಬೆವರುತ್ತಿದ್ದಳು, ಆದರೂ ಜಿಪ್ ಇಳಿಸಲಿಲ್ಲ.

ವಾರದ ಮೇಲೆ ಟೊರೊಂಟೊದಿಂದ ವಿಡಿಯೊ ಕಾಲ್. ಹುಡುಗಿ ಗುಟ್ಟು ಹೇಳುವವಳಂತೆ ಪರದೆಗೆ ಬಾಯಿ ಹತ್ತಿರ ತಂದು, “ಅಂಕಲ್, ಅಪ್ಪ ಇಷ್ಟು ಕುಳ್ಳ ಅಂತ ಗೊತ್ತೇ ಇರಲಿಲ್ಲ” ಎಂದಳು. ಆರು ವರ್ಷ ಅವಳು ನೋಡಿದ್ದು ಮುಖ ಮಾತ್ರ.

ಮೊ-ಲಾ ಈಗ ಕ್ಯಾಂಪಿನಲ್ಲಿ ಒಬ್ಬರೇ. ದೊಡ್ಡ ಮಗಳು ಬೆಂಗಳೂರಿನಲ್ಲಿ ಕೆಲಸ, ತಿಂಗಳಿಗೊಮ್ಮೆ ಬರುತ್ತಾಳೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳಲು ಕೆನಡಾದಲ್ಲಿ ಬೇರೆ ಯೋಜನೆ ಇದೆ, ಅದಕ್ಕೆ ವರಮಾನದ ಲೆಕ್ಕ, ಆಮೇಲೆ ಸರದಿ. ಪಾತ್ರೆ ತೊಳೆಯುವವರ ವರಮಾನ ಅಷ್ಟು ಬೇಗ ಆ ಗೆರೆ ಮುಟ್ಟುವುದಿಲ್ಲ.

ಹೋದ ತಿಂಗಳು ಮೊ-ಲಾ ಆರ್‌ಸಿ ನವೀಕರಣಕ್ಕೆ ಬಂದರು. ಈಗ ಅದೂ ಆನ್‌ಲೈನ್. ಮೊದಲು ಹೆಸರು ಕೇಳಿದೆ. ಹೇಳಿದರು. ಇನ್ನೊಂದು ಸಲ ಹೇಳಿ ಎಂದೆ. ಹೇಳಿದರು. ಮೂರನೇ ಸಲ ಕೇಳಿ, ಹಳೇ ಆರ್‌ಸಿ ತೆರೆದು ನೋಡಿದರೆ ಅದರಲ್ಲಿ ಬೇರೆಯೇ ಇದೆ. ನಡುವಿನ ಒಂದು ಅಕ್ಷರವೇ ಇಲ್ಲ. ಅವರ ಕಾಲದಲ್ಲಿ ಯಾವ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದನೋ. ಉಳಿದ ಕಾಗದ ತರಿಸಿದೆ. ಬ್ಯಾಂಕಿನ ಪಾಸ್‌ಬುಕ್, ಆಧಾರ್, ಸೆಟ್ಲ್‌ಮೆಂಟಿನ ಹಳೇ ಚೀಟಿ. ಎಲ್ಲದರಲ್ಲೂ ಹಾಗೇ.

“ತಪ್ಪಿದೆ ಮೊ-ಲಾ, ತಿದ್ದಿಸೋಣವಾ?” ಎಂದೆ.

ಅವರು ನನ್ನ ಕೈಯಿಂದ ಆರ್‌ಸಿ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದರು. “ಬೇಡ. ಅರವತ್ತು ವರ್ಷದಿಂದ ಎಲ್ಲಾ ಕಡೆ ಒಂದೇ ತಪ್ಪಿದೆ. ನೀನು ಮುಟ್ಟಬೇಡ.”